ಯಾವ ಡಿಸ್ಕನ್ನು ಹೊರತೆಗೆಯಬೇಕು? ಸರ್ವರ್ ಶೇಖರಣೆಯ ಕುರಿತು ಒಂದು ಬೋಧನಾಭ್ಯಾಸ ಪಾಠ

ಘಟಕ: ಲಿನಕ್ಸ್ ಸರ್ವರ್‌ನ ಡಿಸ್ಕ್ ಅರೇಯಲ್ಲಿ ಡಿಸ್ಕುಗಳ ವಿವರ ಕಂಡುಕೊಳ್ಳುವುದು. ತರಗತಿ: ಡಿಪ್ಲೊಮಾ, ಕಂಪ್ಯೂಟರ್ ವಿಭಾಗ. ಅವಧಿ: 45 ನಿಮಿಷಗಳ ಎರಡು ಪಾಠ. ಪೂರ್ವಜ್ಞಾನ: ರೇಡ್ ಮಟ್ಟಗಳು, ಟರ್ಮಿನಲ್ ಬಳಕೆ.

ಈ ಘಟಕಕ್ಕೆ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠ ಯೋಜನೆಗಳಲ್ಲಿ ಸಾಮಾನ್ಯವಾಗಿ ಆಜ್ಞೆಗಳ ಪಟ್ಟಿ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ, ಆದರೆ ಸರ್ವರ್ ಮುಂದೆ ನಿಲ್ಲಿಸಿದರೆ ಯಾವ ಟ್ರೇ ಎಳೆಯಬೇಕೆಂದು ಹೇಳಲಾರರು. ಆದ್ದರಿಂದ ನಾನು ಇಡೀ ಪಾಠವನ್ನು ಒಂದೇ ಸಮಸ್ಯೆಯ ಮೇಲೆ ಕಟ್ಟುತ್ತೇನೆ. ನಾಲ್ಕು ಡಿಸ್ಕುಗಳ ರೇಡ್ 5 ಅರೇಯಲ್ಲಿ ಒಂದು ಕೆಟ್ಟಿದೆ, ಅದನ್ನು ಬದಲಾಯಿಸಬೇಕು. ರೇಡ್ 5 ಒಂದು ಡಿಸ್ಕಿನ ನಷ್ಟವನ್ನು ತಾಳಿಕೊಳ್ಳುತ್ತದೆ, ಎರಡನೆಯದನ್ನಲ್ಲ. ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನು ಎಳೆದರೆ ಅರೇ ಅಲ್ಲಿಗೇ ನಿಂತುಹೋಗುತ್ತದೆ. ದತ್ತಾಂಶ ಮರಳಿ ಸಿಗುವ ಭರವಸೆಯೂ ಇರುವುದಿಲ್ಲ.

ಪೀಠಿಕೆಗೆ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆಯ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ. ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.) ಎಸ್‌ಡಿಬಿಯಿಂದ ಎಸ್‌ಡಿಇವರೆಗೆ ನಾಲ್ಕು ಡಿಸ್ಕು, ಪ್ರತಿಯೊಂದೂ 3.6 ಟಿಬಿ. ಅವುಗಳ ಕೆಳಗೆ ಎಂಡಿ0 ಎಂಬ ಅರೇ, 10.9 ಟಿಬಿ. “ಮೇಡಂ, ಡಿಸ್ಕಿನ ಮೇಲೆ 4 ಟಿಬಿ ಅಂತ ಇರುತ್ತಲ್ಲ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ಈ ಆಜ್ಞೆ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮೂರು ಡಿಸ್ಕುಗಳಷ್ಟು ಜಾಗ ದತ್ತಾಂಶಕ್ಕೆ, ಒಂದರಷ್ಟು ಪ್ಯಾರಿಟಿಗೆ. ಇಷ್ಟಕ್ಕೆ ಐದು ನಿಮಿಷ ಸಾಕು. ಪ್ರಶಿಕ್ಷಣಾರ್ಥಿಗಳು ಇಲ್ಲೇ ಅರ್ಧ ಅವಧಿ ಕಳೆದುಬಿಡುವುದನ್ನು ನೋಡಿದ್ದೇನೆ.

ಮುಂದಿನದು ಪಾಠದ ತಿರುಳು. ಫೈಲ್ ವ್ಯವಸ್ಥೆಗೆ ಕಾಣುವುದು ಎಂಡಿ0 ಮಾತ್ರ. ಅದರೊಳಗಿನ ಸದಸ್ಯರನ್ನು ತಿಳಿಯಲು ‘/ಪ್ರಾಕ್/ಎಂಡಿಸ್ಟ್ಯಾಟ್’ ಕಡತ ಓದಬೇಕು, ಇಲ್ಲವೇ ‘ಎಂಡಿಎಡಿಎಂ --ಡೀಟೇಲ್’ ಕೇಳಬೇಕು. ಮೊದಲನೆಯದರಲ್ಲಿ ಸರಿಯಿರುವ ಡಿಸ್ಕಿಗೆ ‘ಯು’ ಅಕ್ಷರ, ಇಲ್ಲದ್ದಕ್ಕೆ ಅಡಿಗೆರೆ. ಕೆಟ್ಟ ಡಿಸ್ಕಿನ ಹೆಸರಿನ ಪಕ್ಕ ಆವರಣದಲ್ಲಿ ‘ಎಫ್’. ಮೂರನೆಯ ಸ್ಥಾನದಲ್ಲಿ ಅಡಿಗೆರೆ ಇದ್ದರೆ ಮೂರನೆಯ ಟ್ರೇ ಎಂದು ವಿದ್ಯಾರ್ಥಿಗಳು ತಟ್ಟನೆ ಹೇಳುತ್ತಾರೆ. ಆ ಕ್ರಮ ಅರೇಯೊಳಗಿನ ಸ್ಥಾನದ್ದು, ಪೆಟ್ಟಿಗೆಯಲ್ಲಿನ ಜಾಗದ್ದಲ್ಲ. ಎಸ್‌ಡಿಡಿ ಎಂಬ ಹೆಸರೂ ಕಾಯಂ ಅಲ್ಲ. ಸರ್ವರ್ ಮತ್ತೆ ಚಾಲೂ ಆದಾಗ ಅದೇ ಡಿಸ್ಕಿಗೆ ಬೇರೆ ಹೆಸರು ಬರಬಹುದು. ಬದಲಾಗದೆ ಉಳಿಯುವುದು ಡಿಸ್ಕಿನ ಸರಣಿ ಸಂಖ್ಯೆ. ‘ಸ್ಮಾರ್ಟ್‌ಸಿಟಿಎಲ್ -ಐ’ ಅದನ್ನು ತೋರಿಸುತ್ತದೆ. ‘/ಡೆವ್/ಡಿಸ್ಕ್/ಬೈ-ಐಡಿ’ ಕೋಶದ ಹೆಸರುಗಳಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. ಡಿಸ್ಕಿನ ಲೇಬಲ್ ಮೇಲೂ ಅದೇ ಸಂಖ್ಯೆ ಅಚ್ಚಾಗಿರುತ್ತದೆ.

ಪ್ರಯೋಗಕ್ಕೆ ಸರ್ವರ್ ಬೇಕಿಲ್ಲ. ಒಂದೊಂದು ಜಿಬಿಯ ನಾಲ್ಕು ಖಾಲಿ ಕಡತ ಮಾಡಿ, ‘ಲೋಸೆಟಪ್ -ಎಫ್ --ಶೋ’ ಆಜ್ಞೆಯಿಂದ ಅವನ್ನು ಡಿಸ್ಕುಗಳಂತೆ ಜೋಡಿಸಿ, ‘ಎಂಡಿಎಡಿಎಂ’ನಿಂದ ರೇಡ್ 5 ಕಟ್ಟಿಸುತ್ತೇನೆ. ಆಜ್ಞೆ ತೋರಿಸಿದ ಲೂಪ್ ಹೆಸರನ್ನೇ ಬಳಸಬೇಕು. ಉಬುಂಟುವಿನಲ್ಲಿ ಲೂಪ್0 ಮುಂತಾದವನ್ನು ಬೇರೆ ತಂತ್ರಾಂಶ ಮೊದಲೇ ಹಿಡಿದಿರುವುದುಂಟು. ಅರೇ ಕಟ್ಟಿದ ಕೂಡಲೇ ಎಂಡಿಸ್ಟ್ಯಾಟ್ ನೋಡಿದವರಿಗೆ ಒಂದು ಅಡಿಗೆರೆಯೂ ‘ರಿಕವರಿ’ ಎಂಬ ಸಾಲೂ ಕಾಣಬಹುದು. ಏನೋ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಅದು ದೋಷವಲ್ಲ. ಹೊಸ ರೇಡ್ 5ರಲ್ಲಿ ಕೊನೆಯ ಡಿಸ್ಕನ್ನು ಉಳಿದವುಗಳಿಂದ ಲೆಕ್ಕಹಾಕಿ ತುಂಬುವ ಕೆಲಸ ನಡೆದಿರುತ್ತದೆ. ನಾನು ಇದನ್ನು ಮುಂಚೆ ಹೇಳುವುದಿಲ್ಲ, ಅವರೇ ಕೇಳಲಿ ಎಂದು ಕಾಯುತ್ತೇನೆ. ಬಳಿಕ ಪ್ರತಿ ಗುಂಪಿನಲ್ಲಿ ಒಬ್ಬರು, ಉಳಿದವರು ನೋಡದಂತೆ, ‘--ಫೇಲ್’ ಕೊಟ್ಟು ಒಂದು ಡಿಸ್ಕನ್ನು ಕೆಡಿಸುತ್ತಾರೆ. ಮಿಕ್ಕವರು ಕಂಡುಹಿಡಿಯುತ್ತಾರೆ.

ಕಡತಗಳಿಗೆ ಸರಣಿ ಸಂಖ್ಯೆ ಇರುವುದಿಲ್ಲ. ಹಾಗಾಗಿ ಎರಡನೆಯ ಅವಧಿಗೆ ಬೆಂಕಿಪೊಟ್ಟಣಗಳೇ ಪಾಠೋಪಕರಣ. ಪ್ರತಿ ಪೊಟ್ಟಣದ ಒಳಗೆ ಸಂಖ್ಯೆ ಬರೆದ ಚೀಟಿ ಅಂಟಿಸಿರುತ್ತದೆ, ಮೇಲೆ ಹೆಸರಿನ ಚೀಟಿ ಸುಮ್ಮನೆ ಇಟ್ಟಿರುತ್ತದೆ. ‘ಸರ್ವರ್ ಮತ್ತೆ ಚಾಲೂ ಆಯಿತು’ ಎಂದ ಕೂಡಲೇ ಹೆಸರಿನ ಚೀಟಿಗಳನ್ನು ಕಲಸುತ್ತೇನೆ. ನಿನ್ನೆ ‘ಎಸ್‌ಡಿಡಿ ಕೆಟ್ಟಿದೆ’ ಎಂದು ಬರೆದಿಟ್ಟವರು ಇಂದು ತಪ್ಪು ಪೊಟ್ಟಣ ಎತ್ತುತ್ತಾರೆ. ಹತ್ತು ಬಾರಿ ಹೇಳುವುದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ.

ಹಾರ್ಡ್‌ವೇರ್ ರೇಡ್ ಕಾರ್ಡ್ ಇರುವ ಸರ್ವರ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಒಂದೇ ದೊಡ್ಡ ಡಿಸ್ಕನ್ನು ತೋರಿಸುವುದೇ ಹೆಚ್ಚು. ಸದಸ್ಯರು ಕಾರ್ಡಿನ ಹಿಂದೆ ಅಡಗಿರುತ್ತಾರೆ. ಮೆಗಾರೇಡ್ ಕಾರ್ಡಾದರೆ ‘ಸ್ಮಾರ್ಟ್‌ಸಿಟಿಎಲ್’ಗೆ ‘-ಡಿ ಮೆಗಾರೇಡ್,0’ ಎಂಬಂತೆ ಡಿಸ್ಕಿನ ಸಂಖ್ಯೆ ಸೇರಿಸಿ ಕೇಳಬಹುದು. ಎಐಎಕ್ಸ್‌ನಲ್ಲಿ ‘ಎಲ್‌ಎಸ್‌ಪಿವಿ’, ಸೊಲಾರಿಸ್‌ನಲ್ಲಿ ‘ಐಒಸ್ಟ್ಯಾಟ್ -ಇಎನ್’ ಎಂದು ಹೆಸರಿಸಿ ಮುಂದೆ ಹೋದರೆ ಸಾಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ. ಕೆಟ್ಟ ಡಿಸ್ಕು ಪೂರ್ತಿ ಸತ್ತಿದೆ, ‘ಸ್ಮಾರ್ಟ್‌ಸಿಟಿಎಲ್’ಗೆ ಉತ್ತರವನ್ನೇ ಕೊಡುವುದಿಲ್ಲ. ಈಗ ಅದನ್ನು ಹೇಗೆ ಗುರುತಿಸುತ್ತೀರಿ? ಬಹಳಷ್ಟು ಮಂದಿ ಇನ್ನೊಂದು ಆಜ್ಞೆ ಹುಡುಕುತ್ತಾರೆ. ಕಳೆದ ಬಾರಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟೆ: ಉತ್ತರ ಕೊಡುವ ಮೂರರ ಸಂಖ್ಯೆ ಬರೆದುಕೊಳ್ಳಬೇಕು. ಆ ಮೂರರಲ್ಲಿ ಸೇರದ ಲೇಬಲ್ ಯಾವುದೋ ಅದೇ ಸತ್ತದ್ದು.