ಮಕ್ಕಳ ಬರವಣಿಗೆ ಮತ್ತು ಗ್ರಾಮ ಪಂಚಾಯತಿ: ಮಕ್ಕಳ ಗ್ರಾಮಸಭೆಯ ಅರ್ಜಿಯನ್ನು ಓದುವ ಬಗೆ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣ, 20ನೆಯದು ಗ್ರಂಥಾಲಯ. ಆಚರಣೆಯಲ್ಲಿ ಈ ಎರಡೂ ವಿಷಯಗಳು ಕೊಠಡಿ ದುರಸ್ತಿ, ಕಾಂಪೌಂಡು, ಶೌಚಾಲಯ, ಕುಡಿಯುವ ನೀರು ಇಷ್ಟಕ್ಕೇ ನಿಂತುಬಿಡುವುದುಂಟು. ಕಾಂಪೌಂಡಿನ ಒಳಗೆ ನಡೆಯುವ ಓದು ಬರಹ ಶಿಕ್ಷಕರಿಗೆ ಸೇರಿದ್ದು, ಅದರಲ್ಲಿ ಚುನಾಯಿತ ಸದಸ್ಯರು ಕೈಹಾಕಬಾರದು ಎಂಬ ಭಾವನೆ ಬಹುಮಟ್ಟಿಗೆ ಸರಿಯೇ. ಕಾಗುಣಿತ ತಿದ್ದುವುದು, ವಿಭಕ್ತಿ ಪ್ರತ್ಯಯ ಕಲಿಸುವುದು ಸದಸ್ಯರ ಕೆಲಸವಲ್ಲ. ಆದರೆ ಮಗುವಿನ ಬರವಣಿಗೆಯು ಶಾಲೆಯ ಗೇಟು ದಾಟಿ ಪಂಚಾಯತಿಯ ಮೇಜಿಗೆ ಬರುವ ಸಂದರ್ಭವೊಂದಿದೆ. ಅದು ಮಕ್ಕಳ ಗ್ರಾಮಸಭೆ. ಅಲ್ಲಿ ಸದಸ್ಯರು ಆ ಬರವಣಿಗೆಯ ಓದುಗರಾಗುತ್ತಾರೆ. ಓದುಗನ ಜವಾಬ್ದಾರಿ ಏನು ಎಂಬುದೇ ಈ ಪಾಠದ ವಿಷಯ.

ತರಗತಿಯ ನೋಟ್‌ಬುಕ್ಕಿನಲ್ಲಿ ಮಗು ಬರೆಯುವ ಉತ್ತರವನ್ನು ಓದುವ ಶಿಕ್ಷಕರಿಗೆ ಆ ಉತ್ತರ ಮೊದಲೇ ಗೊತ್ತಿರುತ್ತದೆ. ವಾಕ್ಯ ಅರ್ಧಕ್ಕೆ ನಿಂತರೂ, ಕರ್ತೃಪದ ಬಿಟ್ಟುಹೋದರೂ ಅವರಿಗೆ ಅರ್ಥವಾಗುತ್ತದೆ, ಅಂಕ ದೊರೆಯುತ್ತದೆ. ಪಂಚಾಯತಿಗೆ ಬರೆಯುವ ಅರ್ಜಿಯಲ್ಲಿ ಹಾಗಲ್ಲ. ಶಾಲೆಯ ಹಿಂದಿನ ಮೋರಿ ತುಂಬಿದೆಯೆಂಬುದು ಬರೆದ ಮಗುವಿಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ತಿಳಿಸಬೇಕಾದಾಗ ಮಾತ್ರವೇ ವ್ಯಾಕರಣದ ಅಗತ್ಯ ಮಗುವಿನ ಅನುಭವಕ್ಕೆ ಬರುತ್ತದೆ. ಪಠ್ಯಪುಸ್ತಕದ ಅಭ್ಯಾಸ ಪಾಠಗಳು ಎಷ್ಟೇ ಚೆನ್ನಾಗಿದ್ದರೂ ಈ ಅನುಭವವನ್ನು ಅವು ಒದಗಿಸಲಾರವು.

ಉದಾಹರಣೆಗಾಗಿ ರಚಿಸಿಕೊಂಡ ಈ ಅರ್ಜಿಯನ್ನು ನೋಡಬಹುದು. ಐದನೆಯ ಅಥವಾ ಆರನೆಯ ತರಗತಿಯ ಮಗು ಹೀಗೆಯೇ ಬರೆಯುತ್ತದೆ:

“ನಮ್ಮ ಶಾಲೆಯಲ್ಲಿ ಶೌಚಾಲಯ ಇದೆ ನೀರು ಇಲ್ಲ ಬೇಸಿಗೆಯಲ್ಲಿ ಹುಡುಗಿಯರು ಮನೆಗೆ ಹೋಗುತ್ತಾರೆ ಮತ್ತು ಬರುವುದಿಲ್ಲ ರಸ್ತೆಗೆ ನೀರು ಬರುತ್ತದೆ ಮಳೆ ಬಂದರೆ ಬೀಳುತ್ತಾರೆ ದಯವಿಟ್ಟು ಮಾಡಿಸಿಕೊಡಿ”

ಇದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೂ ಈ ಅರ್ಜಿಯ ಮೇಲೆ ಕಾಮಗಾರಿಯನ್ನು ಕೈಗೊಳ್ಳಲು ಆಗುವುದಿಲ್ಲ.

‘ಬೇಸಿಗೆಯಲ್ಲಿ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಪೂರ್ಣವಿರಾಮವನ್ನು ಅದರ ಹಿಂದೆ ಇಟ್ಟರೆ, “ನೀರು ಇಲ್ಲ. ಬೇಸಿಗೆಯಲ್ಲಿ ಹುಡುಗಿಯರು ಮನೆಗೆ ಹೋಗುತ್ತಾರೆ” ಎಂದಾಗುತ್ತದೆ. ಅಂದರೆ ಶೌಚಾಲಯಕ್ಕೆ ವರ್ಷವಿಡೀ ನೀರಿಲ್ಲ. ಪೈಪು ಸಂಪರ್ಕವೇ ಆಗಿಲ್ಲದಿರಬಹುದು ಅಥವಾ ಕೆಟ್ಟಿರಬಹುದು. ಅದೇ ಚುಕ್ಕಿಯನ್ನು ಪದದ ಮುಂದೆ ಇಟ್ಟರೆ, “ನೀರು ಇಲ್ಲ ಬೇಸಿಗೆಯಲ್ಲಿ. ಹುಡುಗಿಯರು ಮನೆಗೆ ಹೋಗುತ್ತಾರೆ” ಎಂದಾಗುತ್ತದೆ. ಆಗ ಸಂಪರ್ಕ ಸರಿಯಿದೆ, ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುತ್ತದೆ. ಬೇಕಾದದ್ದು ಬೇರೆ ಜಲಮೂಲ ಅಥವಾ ಟ್ಯಾಂಕರು. ಒಂದು ಚುಕ್ಕಿಯ ಸ್ಥಾನ ಬದಲಾದರೆ ಅಂದಾಜುಪಟ್ಟಿಯೇ ಬದಲಾಗುತ್ತದೆ. ಅಂದಾಜುಪಟ್ಟಿಯಲ್ಲಿ 2.5 ಮೀಟರು ಎಂಬಲ್ಲಿ ಚುಕ್ಕಿ ಬಿಟ್ಟುಹೋದರೆ ತಕ್ಷಣ ಆಕ್ಷೇಪಣೆ ಬರುತ್ತದೆ. ಮಗುವಿನ ಅರ್ಜಿಯಲ್ಲಿ ಬಿಟ್ಟುಹೋದ ಚುಕ್ಕಿಯನ್ನು ಯಾರೂ ಕೇಳುವುದಿಲ್ಲ. ಓದಿದವರು ತಮಗೆ ತೋಚಿದ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ಬೇಸಿಗೆ ಬಂದಾಗ ಹುಡುಗಿಯರು ಮನೆಗೆ ಹೋಗುವುದು ಮುಂದುವರಿಯುತ್ತದೆ.

ವಿಭಕ್ತಿ ಪ್ರತ್ಯಯದ ಕಥೆಯೂ ಇದೇ. “ರಸ್ತೆಗೆ ನೀರು ಬರುತ್ತದೆ” ಎಂದಿದೆ. ಮಗುವಿನ ಮನಸ್ಸಿನಲ್ಲಿದ್ದದ್ದು ಯಾವುದು? ‘ರಸ್ತೆಯಲ್ಲಿ ನೀರು ನಿಲ್ಲುತ್ತದೆ’ ಎಂದಾದರೆ ರಸ್ತೆಯ ತಗ್ಗು ತುಂಬಿಸಿ ಇಳಿಜಾರು ಸರಿಪಡಿಸಬೇಕು. ‘ರಸ್ತೆಯಿಂದ ನೀರು ಶಾಲೆಗೆ ನುಗ್ಗುತ್ತದೆ’ ಎಂದಾದರೆ ಪಕ್ಕದ ಚರಂಡಿ ಆಗಬೇಕು. ‘ಶಾಲೆಯ ಅಂಗಳದಿಂದ ನೀರು ರಸ್ತೆಗೆ ಬರುತ್ತದೆ’ ಎಂದಾದರೆ ಕೆಲಸ ಅಂಗಳದೊಳಗೇ ಇದೆ. ಅಲ್ಲಿ, ಇಂದ, ಗೆ ಈ ಮೂರು ಪ್ರತ್ಯಯಗಳಿಗೆ ಮೂರು ಬೇರೆ ಬೇರೆ ಕಾಮಗಾರಿಗಳು. ಪಂಚಮಿ, ಚತುರ್ಥಿ, ಸಪ್ತಮಿ ಎಂದು ಕಂಠಪಾಠ ಮಾಡಿದ ಮಗುವಿಗೆ ಈ ವ್ಯತ್ಯಾಸವನ್ನು ಸ್ಥಳದಲ್ಲಿ ನಿಲ್ಲಿಸಿ ತೋರಿಸಿದರೆ ಅದು ಮುಂದೆಂದೂ ಮರೆಯುವುದಿಲ್ಲ.

“ಬೀಳುತ್ತಾರೆ” ಎಂಬಲ್ಲಿ ಕರ್ತೃಪದವಿಲ್ಲ. ಕನ್ನಡದ ಕ್ರಿಯಾಪದವೇ ಪುರುಷ, ವಚನಗಳನ್ನು ಸೂಚಿಸುವುದರಿಂದ ಮಾತಿನಲ್ಲಿ ಕರ್ತೃವನ್ನು ಬಿಡುವುದು ಸಹಜ, ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಬರಹದಲ್ಲಿ ಬೀಳುವವರು ಒಂದನೇ ತರಗತಿಯ ಮಕ್ಕಳೋ, ಹಾಲು ಹಾಕಲು ಹೋಗುವ ವೃದ್ಧರೋ ತಿಳಿಯದು. “ಹೋಗುತ್ತಾರೆ ಮತ್ತು ಬರುವುದಿಲ್ಲ” ಎಂಬ ಜೋಡಣೆಯೂ ಇತ್ತೀಚೆಗೆ ಹೆಚ್ಚಾಗಿದೆ. ‘ಮನೆಗೆ ಹೋದವರು ಮತ್ತೆ ಬರುವುದಿಲ್ಲ’ ಎನ್ನುವುದು ಮಗು ಮನೆಯಲ್ಲಿ ಆಡುವ ಕನ್ನಡ. ಎರಡು ಕ್ರಿಯೆಗಳ ನಡುವೆ ‘ಮತ್ತು’ ಸೇರಿಸಿದರೆ ಅದು ಶುದ್ಧ ಬರಹವೆಂಬ ಭ್ರಮೆಯನ್ನು ಮಕ್ಕಳಲ್ಲಿ ದೊಡ್ಡವರೇ ಬಿತ್ತಿದ್ದಾರೆ. ಕಚೇರಿ ಪತ್ರಗಳೂ ಇದರಲ್ಲಿ ಪಾಲುದಾರ.

ಮಕ್ಕಳು ಚುಕ್ಕಿ ಇಡದಿರುವುದನ್ನು ಅಲಕ್ಷ್ಯವೆಂದು ಭಾವಿಸಬೇಕಾಗಿಲ್ಲ. ಹಲ್ಮಿಡಿ ಶಾಸನದಲ್ಲಾಗಲಿ, ಮುಂದಿನ ಕಾಲದ ತಾಳೆಗರಿಗಳಲ್ಲಾಗಲಿ ಪದಪದಗಳ ನಡುವೆ ಇಂದಿನಂತೆ ಜಾಗ ಬಿಡುವ ಕ್ರಮವಿರಲಿಲ್ಲ. 13ನೇ ಶತಮಾನದಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ಸಮಾಸ, ಆಖ್ಯಾತಗಳ ಪ್ರಕರಣಗಳಿವೆ, ಅಲ್ಪವಿರಾಮಕ್ಕೆ ಪ್ರಕರಣವಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟ 19ನೇ ಶತಮಾನದಲ್ಲಿ, ಅಚ್ಚಿನ ಕನ್ನಡ ಬೆಳೆದಂತೆ, ಇಂದಿನ ವಿರಾಮ ಚಿಹ್ನೆಗಳು ನೆಲೆಗೊಂಡವು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬಂದು ತಾನೇ ಮುಕ್ತಾಯವನ್ನು ಸಾರುತ್ತದೆ. ‘ಬಂದನೇ’, ‘ಬಂದನೋ’ ಎಂಬಲ್ಲಿ ಪ್ರಶ್ನೆ ಪದದೊಳಗೇ ಇದೆ. ಆದ್ದರಿಂದ ಚಿಹ್ನೆಯಿಲ್ಲದೆಯೂ ಅರ್ಥವಾದೀತೆಂದು ಮಗು ನಂಬುವುದು ಸ್ವಾಭಾವಿಕ. ಮೇಲಿನ ಅರ್ಜಿಯಲ್ಲಿ ‘ಬೇಸಿಗೆಯಲ್ಲಿ’ ಎಂಬ ಪದ ಎರಡು ಕ್ರಿಯೆಗಳ ನಡುವೆ ಸಿಕ್ಕಿಕೊಂಡಂತೆ, ಎಲ್ಲಿ ಆ ನಂಬಿಕೆ ಸೋಲುತ್ತದೆಯೋ ಅಲ್ಲಿ ಚುಕ್ಕಿಯನ್ನು ಕಲಿಸಬೇಕು. ಗಟ್ಟಿಯಾಗಿ ಓದಿಸುವುದು ಇದಕ್ಕೆ ಸುಲಭವಾದ ಉಪಾಯ. ಬರೆದ ಮಗುವಲ್ಲದೆ ಬೇರೊಂದು ಮಗು ಓದಬೇಕು. ಅದು ಎಡವಿದಲ್ಲಿ ಚಿಹ್ನೆ ಬೇಕಾಗಿದೆ ಎಂದರ್ಥ.

ಕಾಗುಣಿತದ ವಿಷಯದಲ್ಲಿ ಸದಸ್ಯರು ವಿಶೇಷ ಎಚ್ಚರ ವಹಿಸುವುದು ಒಳ್ಳೆಯದು. ‘ಹಳ್ಳ’ ಎಂಬುದನ್ನು ‘ಅಳ್ಳ’ ಎಂದೂ, ‘ಹತ್ತು ಮನೆ’ ಎಂಬುದನ್ನು ‘ಅತ್ತು ಮನೆ’ ಎಂದೂ ಮಗು ಬರೆದುಕೊಟ್ಟಾಗ ಸಭೆಯಲ್ಲಿ ನಗು ಹುಟ್ಟುವುದುಂಟು. ಆ ಮಗುವಿನ ಮನೆಯಲ್ಲಿ, ಬೀದಿಯಲ್ಲಿ ಹಕಾರವೇ ಇಲ್ಲ; ಕೇಳಿದಂತೆ ಬರೆದಿದೆ. ಕೆಲವು ಮಕ್ಕಳ ಮನೆಮಾತು ಲಂಬಾಣಿ, ಉರ್ದು, ತೆಲುಗು, ಮರಾಠಿ, ತುಳು ಅಥವಾ ಕೊಂಕಣಿ. ಅಂಥ ಮಗು ಕನ್ನಡದಲ್ಲಿ ನಾಲ್ಕು ಸಾಲು ಅರ್ಜಿ ಬರೆಯುವುದೆಂದರೆ ಎರಡು ಕೆಲಸ ಒಟ್ಟಿಗೆ ಮಾಡಿದಂತೆ. ಸಭೆಯಲ್ಲಿ ಒಮ್ಮೆ ನಗೆಗೀಡಾದ ಮಗು ಮುಂದಿನ ವರ್ಷ ಬರೆಯುವುದಿಲ್ಲ. ಅದರ ಬೀದಿಯ ಸಮಸ್ಯೆಯೂ ಪಂಚಾಯತಿಗೆ ತಲುಪುವುದಿಲ್ಲ. ತಿದ್ದುವ ಕೆಲಸ ಶಿಕ್ಷಕರಿಗಿರಲಿ. ಅವರೂ ಹಾಳೆಯ ತುಂಬ ಕೆಂಪು ಗೆರೆ ಎಳೆಯುವುದಕ್ಕಿಂತ ಒಂದು ಸಲಕ್ಕೆ ಒಂದು ಬಗೆಯ ತಪ್ಪನ್ನಷ್ಟೇ ತೋರಿಸುವುದು ಮೇಲು. ಇನ್ನೊಂದು ಮಾತು: ಒಂದನೇ ತರಗತಿಯ ಮಗುವಿಗೆ ‘ಅ ಆ ಇ ಈ’ ಕ್ರಮದಲ್ಲಿ ಬರುವುದಿಲ್ಲವೆಂದು ಹಿರಿಯರು ಶಾಲೆಯನ್ನು ದೂರುವುದಿದೆ. ನಲಿಕಲಿ ಪದ್ಧತಿಯಲ್ಲಿ ಕಲಿಕೆ ‘ರ ಗ ಸ ದ ಅ’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಕೆಲವೇ ಅಕ್ಷರಗಳಿಂದ ಬೇಗನೆ ಪದ ಕಟ್ಟಲು ಸಾಧ್ಯವಾಗಲೆಂಬುದು ಅದರ ಉದ್ದೇಶ. ಮಗು ಕಲಿತಿಲ್ಲವೆಂದು ಅರ್ಥವಲ್ಲ.

ಸಭೆಗೆ ಮುನ್ನ ಪಂಚಾಯತಿ ಮಾಡಬಹುದಾದದ್ದೇನು? ಸಭೆಯ ದಿನ ಬೆಳಿಗ್ಗೆ ಹಾಳೆ ಹಂಚಿ ‘ಸಮಸ್ಯೆ ಬರೆಯಿರಿ’ ಎಂದರೆ ಮೇಲಿನಂಥ ಅರ್ಜಿಗಳೇ ಬರುತ್ತವೆ. ಎರಡು ವಾರ ಮುಂಚಿತವಾಗಿ ಮುಖ್ಯ ಶಿಕ್ಷಕರೊಂದಿಗೆ ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಮಾತನಾಡಿ, ಮಕ್ಕಳು ಎರಡು ಕರಡು ಬರೆಯಲು ಅವಕಾಶವಾಗುವಂತೆ ನೋಡಿಕೊಳ್ಳಬೇಕು. ಮೊದಲ ಕರಡು ಮಗುವಿನ ಇಷ್ಟದಂತಿರಲಿ. ಅದನ್ನು ಜೊತೆಗಾರ ಮಗು ಓದಿ ಎಲ್ಲಿ, ಯಾವಾಗಿನಿಂದ, ಯಾರಿಗೆ ತೊಂದರೆ, ಏನಾಗಬೇಕು ಎಂದು ಕೇಳಲಿ. ಉತ್ತರ ಸಿಗದ ಕಡೆ ವಾಕ್ಯ ಸೇರಿಸಿ ಎರಡನೆಯ ಕರಡು ಸಿದ್ಧವಾಗುತ್ತದೆ. ಮೇಲಿನ ಅರ್ಜಿ ಹೀಗೆ ರೂಪುಗೊಂಡೀತು:

“ನಮ್ಮ ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಬೇಸಿಗೆಯಲ್ಲಿ ನೀರು ಬರುವುದಿಲ್ಲ. ಮಧ್ಯಾಹ್ನ ಮನೆಗೆ ಹೋದ ಹುಡುಗಿಯರು ಮತ್ತೆ ಶಾಲೆಗೆ ಬರುವುದಿಲ್ಲ. ಮಳೆಗಾಲದಲ್ಲಿ ಶಾಲೆಯ ಮುಂದಿನ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಚಿಕ್ಕ ಮಕ್ಕಳು ಜಾರಿ ಬೀಳುತ್ತಾರೆ. ಬೇಸಿಗೆಗೆ ಮೊದಲು ನೀರಿನ ವ್ಯವಸ್ಥೆ ಮಾಡಿ. ರಸ್ತೆಯ ತಗ್ಗು ತುಂಬಿಸಿ.”

ಇದರಲ್ಲಿ ಒಂದು ಕಠಿಣ ಪದವಿಲ್ಲ. ಆದರೂ ಕಿರಿಯ ಎಂಜಿನಿಯರಿಗೆ ಕೊಟ್ಟರೆ ಸ್ಥಳ ಹುಡುಕಿಕೊಂಡು ಹೋಗಬಹುದು. ಎರಡನೆಯ ಕರಡನ್ನು ಶಿಕ್ಷಕರಾಗಲಿ ಸಿಬ್ಬಂದಿಯಾಗಲಿ ‘ಚಂದ’ ಮಾಡಲು ಹೋಗಬಾರದು. ನಡವಳಿ ಪುಸ್ತಕದಲ್ಲಿ ‘ಶಾಲೆಗೆ ಮೂಲಸೌಕರ್ಯ ಒದಗಿಸುವ ಬಗ್ಗೆ ಮಕ್ಕಳು ಕೋರಿರುತ್ತಾರೆ’ ಎಂದು ಬರೆದುಕೊಂಡರೆ ಬೇಸಿಗೆ, ಹುಡುಗಿಯರು, ತಗ್ಗು ಮೂರೂ ಮಾಯವಾಗುತ್ತವೆ. ಮಗುವಿನ ವಾಕ್ಯವನ್ನೇ ನಡವಳಿಯಲ್ಲಿ ದಾಖಲಿಸುವುದು ಕ್ರಮ.

ಈ ಎರಡು ಕರಡುಗಳ ಕೆಲಸಕ್ಕೆ ಶಾಲೆಯಲ್ಲಿ ವೇಳೆ ಸಿಗದಿದ್ದರೆ ಈಗ ಅರಿವು ಕೇಂದ್ರವೆಂದು ಕರೆಯಲಾಗುವ ಗ್ರಾಮ ಪಂಚಾಯತಿ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಅಲ್ಲಿ ಉಚಿತ ಸದಸ್ಯತ್ವ ಪಡೆದಿದ್ದಾರೆ. ಓದಿದ ಪುಸ್ತಕದ ಬಗ್ಗೆ, ಊರಿನ ಕೆರೆಯ ಬಗ್ಗೆ ಮಕ್ಕಳು ಬರೆದ ಹಾಳೆಗಳನ್ನು ಗೋಡೆಪತ್ರಿಕೆಯಾಗಿ ಅಂಟಿಸಲು ಬೇಕಾದದ್ದು ಒಂದು ಹಲಗೆ ಮತ್ತು ಸ್ವಲ್ಪ ಕಾಗದ. ಊರವರು ಓದುತ್ತಾರೆಂದು ಗೊತ್ತಾದರೆ ಮಗು ತಾನಾಗಿಯೇ ಎರಡನೆಯ ಸಲ ನೋಡಿ ಬರೆಯುತ್ತದೆ.

ಪಂಚಾಯತಿಯ ಸ್ವಂತ ಬರಹವೂ ಮಕ್ಕಳಿಗೆ ಪಾಠವೇ. ಶಾಲೆಯ ಗೋಡೆಯ ಮೇಲೆ ಯೋಜನೆಗಳ ಬರಹವನ್ನು ಬರೆಸುವವರು ನಾವೇ. ಎಷ್ಟೋ ಊರುಗಳಲ್ಲಿ ಒಂದೇ ಕಚೇರಿಯ ಫಲಕ, ಮೊಹರು, ರಸೀದಿಗಳಲ್ಲಿ ‘ಪಂಚಾಯತಿ’, ‘ಪಂಚಾಯತ್’, ‘ಪಂಚಾಯಿತಿ’ ಎಂಬ ಮೂರು ರೂಪಗಳು ಕಾಣುತ್ತವೆ. ಮೂರೂ ಬಳಕೆಯಲ್ಲಿರುವುದು ನಿಜ. ಒಂದನ್ನು ಆರಿಸಿಕೊಂಡು ಎಲ್ಲೆಡೆ ಬಳಸುವುದು ಲೇಸು. ಗೋಡೆಬರಹದ ಬಿಲ್ಲು ಪಾವತಿಸುವ ಮುನ್ನ ಅಲ್ಲಿನ ಕನ್ನಡ ಶಿಕ್ಷಕರಿಂದ ಒಮ್ಮೆ ಓದಿಸಿದರೆ, ತಪ್ಪು ಪದವೊಂದು ವರ್ಷಗಟ್ಟಲೆ ಮಕ್ಕಳ ಕಣ್ಣೆದುರು ನಿಲ್ಲುವುದು ತಪ್ಪುತ್ತದೆ.

ಅತ್ಯಂತ ಮುಖ್ಯವಾದದ್ದು ಮರುಪತ್ರ. ಅರ್ಜಿಗೆ ಉತ್ತರವೇ ಬಾರದಿದ್ದರೆ ಬರೆಯುವುದರಿಂದ ಏನೂ ಆಗುವುದಿಲ್ಲವೆಂದು ಮಗು ಕಲಿಯುತ್ತದೆ. ಆ ಪಾಠವನ್ನು ಯಾವ ಶಿಕ್ಷಕರೂ ಅಳಿಸಲಾರರು. “ಸದರಿ ವಿಷಯಕ್ಕೆ ಸಂಬಂಧಿಸಿದಂತೆ ನಿಯಮಾನುಸಾರ ಪರಿಶೀಲಿಸಿ ಕ್ರಮವಹಿಸಲಾಗುವುದೆಂದು ಈ ಮೂಲಕ ತಿಳಿಯಪಡಿಸಿದೆ” ಎಂಬ ಉತ್ತರ ಉತ್ತರವಲ್ಲ. ಅದರ ಬದಲು: “ನಿಮ್ಮ ಅರ್ಜಿ ಓದಿದೆವು. ರಸ್ತೆಯ ತಗ್ಗನ್ನು ಮಳೆಗಾಲಕ್ಕೆ ಮೊದಲು ತುಂಬಿಸುತ್ತೇವೆ. ಶಾಲೆಯ ಕೊಳವೆಬಾವಿಯಲ್ಲಿ ನೀರು ಕಡಿಮೆಯಿದೆ. ಬೇಸಿಗೆಯಲ್ಲಿ ಟ್ಯಾಂಕರು ಕಳುಹಿಸುತ್ತೇವೆ. ಹೊಸ ಶೌಚಾಲಯಕ್ಕೆ ಈ ವರ್ಷ ಹಣವಿಲ್ಲ.” ಆಗದ್ದನ್ನು ಆಗದು ಎಂದು ಬರೆದರೂ ಮಗು ಬೇಸರಪಡುವುದಿಲ್ಲ, ಓದಲಾಗದಂತೆ ಬರೆದರೆ ಬೇಸರಪಡುತ್ತದೆ. ಪತ್ರಕ್ಕೆ ಅಧ್ಯಕ್ಷರ ಸಹಿ, ದಿನಾಂಕ ಇರಲಿ. ವಾರ್ಡಿನ ಸದಸ್ಯರೇ ಶಾಲೆಗೆ ಹೋಗಿ, ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಕೊಟ್ಟರೆ ಇನ್ನೂ ಉತ್ತಮ.

ಒಂದು ಬಗೆಯ ಬರಹವನ್ನು ಮಾತ್ರ ಈ ಎಲ್ಲದರಿಂದ ಹೊರಗಿಡಬೇಕು. ಸಲಹಾ ಪೆಟ್ಟಿಗೆಯಲ್ಲಾಗಲಿ ಅರ್ಜಿಗಳ ನಡುವೆಯಾಗಲಿ ಹೊಡೆತ, ಕಿರುಕುಳ, ಬಾಲ್ಯವಿವಾಹದ ಬಗ್ಗೆ ಒಂದು ಸಾಲು ಸಿಕ್ಕರೂ ಅದನ್ನು ಸಭೆಯಲ್ಲಿ ಓದಬಾರದು, ಗೋಡೆಗೆ ಅಂಟಿಸಬಾರದು, ಕರಡು ತಿದ್ದಲು ಹಿಂದಿರುಗಿಸಬಾರದು. ಮಗುವಿನ ಹೆಸರನ್ನು ಯಾರಿಗೂ ಹೇಳದೆ ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕದ್ದು. ಅಂಥ ಸಾಲು ಎಷ್ಟು ತಪ್ಪುಗಳಿಂದ ಕೂಡಿದ್ದರೂ ಅದರ ಅರ್ಥವನ್ನು ಹುಡುಕಿ ತಿಳಿದುಕೊಳ್ಳುವ ಹೊಣೆ ಓದಿದವರದ್ದು.

ಮಕ್ಕಳ ಗ್ರಾಮಸಭೆಗಳು ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುವುದರಿಂದ ಮುಖ್ಯ ಶಿಕ್ಷಕರೊಂದಿಗಿನ ಮಾತುಕತೆಯನ್ನು ಅಕ್ಟೋಬರ್ ತಿಂಗಳ ಸಾಮಾನ್ಯ ಸಭೆಯಲ್ಲೇ ನಿಗದಿಪಡಿಸಿಕೊಳ್ಳಬಹುದು. ಕಳೆದ ವರ್ಷದ ಮಕ್ಕಳ ಅರ್ಜಿಗಳ ಕಡತವನ್ನು ಅದೇ ಸಭೆಗೆ ತರಿಸಿ, ಅದರಲ್ಲಿ ಎಷ್ಟಕ್ಕೆ ಮರುಪತ್ರ ಹೋಗಿದೆಯೆಂದು ಎಣಿಸಿ ನೋಡುವುದು ಸೂಕ್ತ.