ಚೀನಾದ ರಾಯಭಾರಿಗಳು ಇಂಗ್ಲಿಷ್ ಕಲಿತದ್ದೆಲ್ಲಿ?

ಪ್ರಶ್ನೆ: ವಿದೇಶಿ ಭಾಷೆ ಕಲಿಸುವುದಕ್ಕೆಂದೇ ಚೀನಾದಲ್ಲಿ ವಸತಿ ಶಾಲೆಗಳಿವೆಯಂತೆ, ನಿಜವೇ? ಅಲ್ಲಿ ಓದಿದವರು ಮುಂದೆ ಏನಾಗುತ್ತಾರೆ?

ಉತ್ತರ: ನಿಜ. ಶಾಂಘೈ ಮತ್ತು ನಾನ್‌ಜಿಂಗ್‌ನ ಹೆಸರಾಂತ ವಿದೇಶಿ ಭಾಷಾ ಶಾಲೆಗಳು 1963ರಲ್ಲೇ ಶುರುವಾದವು. ಕಾರಣ ರಾಜಕೀಯದ್ದು. 1950ರ ದಶಕದಲ್ಲಿ ಚೀನಾದ ಶಾಲೆಗಳಲ್ಲಿ ರಷ್ಯನ್ ಭಾಷೆಗೇ ಮೊದಲ ಮಣೆ. ಆಮೇಲೆ ಸೋವಿಯತ್ ಒಕ್ಕೂಟದ ಜೊತೆಗಿನ ಸ್ನೇಹ ಹಳಸಿತು. ಅತ್ತ ಆಫ್ರಿಕಾ, ಏಷ್ಯಾಗಳಲ್ಲಿ ಹೊಸ ರಾಷ್ಟ್ರಗಳು ಸ್ವತಂತ್ರವಾದವು. ಅವುಗಳೊಡನೆ ವ್ಯವಹರಿಸಲು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಬಲ್ಲವರು ಬೇಕಾದರು. ಕಾಲೇಜಿಗೆ ಬಂದ ಮೇಲೆ ಕಲಿತರೆ ನಾಲಿಗೆ ಹೊರಳದು ಎಂದು ಚಿಕ್ಕ ಮಕ್ಕಳನ್ನೇ ಆರಿಸಿ, ಹಾಸ್ಟೆಲ್ಲಿನಲ್ಲಿಟ್ಟು ಕಲಿಸತೊಡಗಿದರು.

ಶಾಂಘೈ ಶಾಲೆಗೆ ಹಾಗೆ 1963ರಲ್ಲಿ ಸೇರಿದವರಲ್ಲಿ ಯಾಂಗ್ ಜಿಯೇಚಿ ಒಬ್ಬರು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಪಾಠ ನಿಂತಿತು. 1968ರಲ್ಲಿ ಅವರು ವಿದ್ಯುತ್ ಮೀಟರ್ ತಯಾರಿಸುವ ಕಾರ್ಖಾನೆಯ ಕೆಲಸಗಾರರಾದರು. 1971ರಲ್ಲಿ ಚೀನಾಕ್ಕೆ ವಿಶ್ವಸಂಸ್ಥೆಯ ಸ್ಥಾನ ದಕ್ಕಿದ್ದೇ ತಡ, ಇಂಗ್ಲಿಷ್ ಬಲ್ಲ ಯುವಕರಿಗಾಗಿ ಹುಡುಕಾಟ ನಡೆಯಿತು. 1973ರಲ್ಲಿ ಯಾಂಗ್ ಬ್ರಿಟನ್ನಿಗೆ ಓದಲು ಹೋದರು. 1977ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಬುಷ್ (ಹಿರಿಯರು) ಟಿಬೆಟ್‌ಗೆ ಹೋದಾಗ ದುಭಾಷಿಯಾಗಿದ್ದರು. 2007ರಿಂದ 2013ರವರೆಗೆ ವಿದೇಶಾಂಗ ಸಚಿವರೂ ಆದರು. ಬಾಲ್ಯದ ಆ ಕೆಲವೇ ವರ್ಷಗಳ ಪಾಠ ಕಾರ್ಖಾನೆಯ ವರ್ಷಗಳನ್ನೂ ದಾಟಿ ಉಳಿಯಿತಲ್ಲ, ನನಗೆ ಅದೇ ದೊಡ್ಡ ವಿಷಯ.

ಇಂದು ಈ ಶಾಲೆಗಳಲ್ಲಿ ಜರ್ಮನ್, ಜಪಾನಿ ಭಾಷೆಗಳನ್ನೂ ಕಲಿಸುತ್ತಾರೆ. ಇಂಥ 16 ಶಾಲೆಗಳಿಗೆ ಒಂದು ವಿಶೇಷ ಸವಲತ್ತಿದೆ: ಆಯ್ದ ಕೆಲವು ವಿದ್ಯಾರ್ಥಿಗಳು ಗಾವೊಕಾವೊ ಎಂಬ ಕಠಿಣ ಪ್ರವೇಶ ಪರೀಕ್ಷೆ ಬರೆಯದೆ, ಶಾಲೆಯ ಶಿಫಾರಸಿನ ಮೇಲೆ ವಿಶ್ವವಿದ್ಯಾಲಯ ಸೇರಬಹುದು. ಪೋಷಕರು ಸೀಟಿಗಾಗಿ ಮುಗಿಬೀಳುವುದು ಇದಕ್ಕೂ ಹೌದು.

ಈ ಶಾಲೆಗಳ ಯಶಸ್ಸಿಗೆ ಹಾಸ್ಟೆಲ್ಲಾಗಲಿ ಮಕ್ಕಳ ಆಯ್ಕೆಯಾಗಲಿ ಮುಖ್ಯ ಕಾರಣವೆಂದು ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಕಾರಣ ಬೇರೆ: ಭಾಷೆಯ ಪಾಠಕ್ಕೆ ತರಗತಿಯನ್ನು ಚಿಕ್ಕ ಗುಂಪುಗಳಾಗಿ ಒಡೆಯುತ್ತಾರೆ, ಅದೇ ಭಾಷೆಯನ್ನು ವರ್ಷಗಟ್ಟಲೆ ಬಿಡದೆ ಕಲಿಸುತ್ತಾರೆ. ಹನ್ನೊಂದು ಹನ್ನೆರಡರ ಮಗುವನ್ನು ಮನೆಯಿಂದ ಬಿಡಿಸದೆಯೂ ಇದನ್ನು ಮಾಡಬಹುದು. ನಿಮ್ಮ ಮಗುವಿಗೆ ಹೊರಗಿನ ಭಾಷೆಯೊಂದನ್ನು ಕಲಿಸುವ ಆಸೆಯಿದ್ದರೆ ಶಾಲೆಯಲ್ಲಿ ಮೊದಲು ಇದನ್ನು ಕೇಳಿ: ಒಂದು ಗುಂಪಿನಲ್ಲಿ ಎಷ್ಟು ಮಕ್ಕಳಿರುತ್ತಾರೆ, ಪ್ರತಿದಿನ ಪ್ರತಿಯೊಂದು ಮಗುವಿಗೂ ಬಾಯಿಬಿಟ್ಟು ಮಾತಾಡುವ ಸರದಿ ಬರುತ್ತದೆಯೇ?