ಕಲಿಕೆಗೆ ವಯಸ್ಸು ಮೀರುವುದೇ?



“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬೇಲೂರಿನವರಾದ ನಮಗೆ ಕಲ್ಲಿನ ನಿದರ್ಶನವೂ ಉಂಟು. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಉಳಿಗೆ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡುಸಾಗುವುದೆಂದು ಹೇಳುವರು. ಮನುಷ್ಯರ ಬುದ್ಧಿಯೂ ಹಾಗೆಯೇ ಎಂದು ನಾನು ಬಹುಕಾಲ ನಂಬಿದ್ದೆನು. ಆದುದರಿಂದಲೇ, ಮಗಳ ಪ್ರಗತಿಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾ “ನಾನೂ ಕಲಿಯಬಹುದೇ?” ಎಂದು ಕೇಳಿದ ತಾಯಿಯೊಬ್ಬರಿಗೆ, “ಇನ್ನು ಮಗಳು ಕಲಿತರೆ ಸಾಕು” ಎಂದುಬಿಟ್ಟೆನು. ಆ ಮಾತು ತಪ್ಪೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಅಸಂಖ್ಯ ಸಂಧಿಗಳ ಮೂಲಕ ಒಂದಕ್ಕೊಂದು ವರ್ತಮಾನವನ್ನು ಕಳುಹಿಸುತ್ತವೆ. ಪದೇ ಪದೇ ಉಪಯೋಗಿಸಿದ ಸಂಧಿಗಳು ಬಲಗೊಳ್ಳುತ್ತವೆ, ಉಪಯೋಗಿಸದವು ಕ್ಷೀಣಿಸುತ್ತವೆ. ನಡೆದಷ್ಟೂ ಕಾಲುದಾರಿಯು ಸುಗಮವಾಗಿ, ನಡೆಯದಿದ್ದರೆ ಹುಲ್ಲು ಮುಚ್ಚುವುದಿಲ್ಲವೇ? ಬಾಲ್ಯದಲ್ಲಿ ಈ ಮಾರ್ಪಾಡು ಶೀಘ್ರವಾದುದು. ವಯಸ್ಸಾದಂತೆ ನಿಧಾನವಾದರೂ ಪೂರ್ಣವಾಗಿ ನಿಲ್ಲುವುದಿಲ್ಲ.

ಇದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿ ದೊರೆತಿದೆ. ಲಖ್ನೋ ನಗರದ ಬಳಿಯ ಹಳ್ಳಿಗಳಲ್ಲಿ, ಓದುಬರಹವರಿಯದ ವಯಸ್ಕರಿಗೆ, ಅವರಲ್ಲಿಯೂ ಬಹುಮಟ್ಟಿಗೆ ಸ್ತ್ರೀಯರಿಗೆ, ಆರು ತಿಂಗಳು ಹಿಂದೀ ಓದು ಕಲಿಸಲಾಯಿತು. ಕಲಿಕೆಗೆ ಮುಂಚೆಯೂ ಅನಂತರವೂ ಯಂತ್ರದಿಂದ ಅವರ ಮಿದುಳನ್ನು ಪರೀಕ್ಷಿಸಲು, ಹೊರಪದರದಲ್ಲಿ ಮಾತ್ರವಲ್ಲದೆ ಆಳವಾದ ಭಾಗಗಳಲ್ಲಿಯೂ ಕಾರ್ಯರೀತಿಯು ಬದಲಾಗಿದ್ದಿತು. ಈ ಸಂಶೋಧನೆಯು 2017ರಲ್ಲಿ ಪ್ರಕಟವಾಯಿತು. ಮೂವತ್ತರ ಪ್ರಾಯದವರಲ್ಲಿ ಅಕ್ಷರವು ಆರೇ ತಿಂಗಳಲ್ಲಿ ಇಷ್ಟನ್ನು ಮಾಡಿತು!

ಆದರೆ ಮಿದುಳು ಬಯಕೆಯಿಂದ ಬದಲಾಗದು, ಅಭ್ಯಾಸದಿಂದ ಬದಲಾಗುವುದು. ವಾರಕ್ಕೊಂದು ದಿನ ದೀರ್ಘವಾಗಿ ಓದುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪವಾಗಿ ಕಲಿಯುವುದು ಲೇಸು. ಕಲಿತುದು ನೆಲೆಗೊಳ್ಳಲು ನಿದ್ರೆಯೂ ಅವಶ್ಯ. ತಪ್ಪಿದಾಗ ಮನೆಯವರು ನಗಬಾರದು. ನಾಚಿದವರು ಪುಸ್ತಕವನ್ನು ಮುಚ್ಚಿಬಿಡುವರು.

ಆ ತಾಯಿಯ ಮಗಳು ನನ್ನ ಮಾತನ್ನು ಲಕ್ಷಿಸಲಿಲ್ಲ. ರಾತ್ರಿ ಅಡಿಗೆ ಮುಗಿದ ಮೇಲೆ ತನ್ನ ಹಲಗೆಯಲ್ಲಿಯೇ ತಾಯಿಗೆ ಅಕ್ಷರ ತಿದ್ದಿಸಿದಳು. ಮರುವರ್ಷ ಪ್ರಗತಿಪತ್ರದಲ್ಲಿ ವಕ್ರವಾದರೂ ಸ್ಪಷ್ಟವಾದ ಸಹಿಯಿದ್ದಿತು. ಉಪಾಧ್ಯಾಯಿನಿಯಾದ ನನಗೆ ಅದೊಂದು ಪಾಠವಾಯಿತು.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಅಕ್ಷರಕ್ಕೆ ಹಂಬಲಿಸುವ ಅಜ್ಜಿಯೋ ಅತ್ತೆಯೋ ಇರಬಹುದು. “ಇನ್ನೇಕೆ?” ಎನ್ನಬೇಡಿರಿ. ದೇವಾಲಯದ ಗೋಡೆಯಲ್ಲಿ ಗಟ್ಟಿಯಾಗಿ ನಿಂತಿರುವ ಬಳಪವೇ ಹಲಗೆಯ ಮೇಲೆ ಬರೆಯುವ ಬಳಪವೂ ಅಲ್ಲವೇ? ಅದನ್ನು ಅವರ ಕೈಗೆ ಕೊಡಿರಿ.